ಪಿಂಗ್ ಹೋಗುತ್ತೆ, ಪೇಜ್ ಬರಲ್ಲ: ರೂಟರ್ ಕಂಪನಿಯ ಇಂಟರ್‌ವ್ಯೂಗೆ ಹೊರಟವರಿಗೆ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಇ ಅಂಡ್ ಸಿ ಓದಿದವಳು. ಮೂರು ವರ್ಷದಿಂದ ಬೆಂಗಳೂರಿನ ಒಂದು ಐಟಿ ಸರ್ವಿಸ್ ಕಂಪನಿಯ ನಾಕ್‌ನಲ್ಲಿ (ನೆಟ್‌ವರ್ಕ್ ಆಪರೇಷನ್ಸ್ ಸೆಂಟರ್) ಇದ್ದೇನೆ. ಬೇರೆ ಬೇರೆ ಕಸ್ಟಮರ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ, ಶಿಫ್ಟ್ ಮೇಲೆ ಶಿಫ್ಟ್. ಸಿಸ್ಕೊದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್‌ಎ ಆಗಿದೆ. ಈಗ ರೂಟರ್, ಸ್ವಿಚ್ ತಯಾರಿಸುವ ಕಂಪನಿಯೊಂದರಿಂದ ‘ಸಾಫ್ಟ್‌ವೇರ್ ಎಂಜಿನಿಯರ್’ ಹುದ್ದೆಗೆ ಕರೆ ಬಂದಿದೆ. ಇಂಟರ್‌ವ್ಯೂಗೆ ಇನ್ನು ಮೂರೇ ವಾರ. ಸಿ ಪ್ರೋಗ್ರಾಮಿಂಗನ್ನು ಕಾಲೇಜಿನಲ್ಲೇ ಬಿಟ್ಟು ಬಂದೆ. ಏನು ಕೇಳುತ್ತಾರೆ, ಏನು ಓದಲಿ? ಒಳಗೆ ಕೆಲಸ ನಿಜವಾಗಿ ಹೇಗಿರುತ್ತದೆ? ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ, ಅದೂ ಒಂದು ಭಯ. ಅಮ್ಮನದು ಒಂದೇ ಪ್ರಶ್ನೆ: ಅಲ್ಲೂ ನೈಟ್ ಶಿಫ್ಟ್ ಇದೆಯಾ? (ಹೆಸರು ಹಾಕಬೇಡಿ.)

ಉತ್ತರ: ಮೊದಲು ಒಂದು ಕೆಲಸ ಮಾಡಿ. ಕರೆ ಮಾಡಿದ ಎಚ್‌ಆರ್‌ಗೆ ಇವತ್ತೇ ಒಂದು ಮೇಲ್ ಹಾಕಿ, ಇದು ಯಾವ ಟೀಮಿನ ಕೆಲಸ ಎಂದು ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಈ ಕಂಪನಿಗಳಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಒಂದೇ ಹೆಸರಿನಡಿ ನಾಲ್ಕೈದು ಥರದ ಕೆಲಸ ಇರುತ್ತವೆ. ಒಂದಕ್ಕೆ ಓದಿದ್ದು ಇನ್ನೊಂದಕ್ಕೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ರೂಟರ್‌ಗಳು ದಾರಿಗಳ ಸುದ್ದಿಯನ್ನು ಒಂದಕ್ಕೊಂದು ಹೇಳಿಕೊಳ್ಳುವ ಓಎಸ್‌ಪಿಎಫ್, ಬಿಜಿಪಿ ಥರದ ಪ್ರೋಟೋಕಾಲ್ ಬರೆಯುವವರು ಕಂಟ್ರೋಲ್ ಪ್ಲೇನ್ ಟೀಮ್. ಅವರು ಕೊಟ್ಟ ದಾರಿಗಳನ್ನು ಚಿಪ್‌ಗೆ ತುಂಬಿಸುವವರು ಪ್ಲಾಟ್‌ಫಾರ್ಮ್ ಅಥವಾ ಫಾರ್ವರ್ಡಿಂಗ್ ಟೀಮ್. ಈ ಎರಡರಲ್ಲೂ ಇವತ್ತಿಗೂ ಸಿ, ಸಿ ಪ್ಲಸ್ ಪ್ಲಸ್‌ನದೇ ರಾಜ್ಯ. ಅದನ್ನೆಲ್ಲ ಪರೀಕ್ಷಿಸುವ ಡೆವ್‌ಟೆಸ್ಟ್ ಟೀಮಿನಲ್ಲಿ ಪೈಥಾನ್ ಬೇಕು, ನೆಟ್‌ವರ್ಕಿಂಗ್ ಜಾಸ್ತಿ ಬೇಕು. ಕ್ಲೌಡ್‌ನಲ್ಲಿ ಕೂತು ಸಾವಿರಾರು ವೈಫೈ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಬೇರೆಯೇ ಲೋಕ. ಸಿಸ್ಕೊ 2012ರಲ್ಲಿ ಕೊಂಡ ಮೆರಾಕಿ, ಜೂನಿಪರ್ 2019ರಲ್ಲಿ ಕೊಂಡ ಮಿಸ್ಟ್ ಆ ಥರದವು. ಅಲ್ಲಿ ನಿಮ್ಮ ಸಿ ಭಾಷೆಯನ್ನು ಯಾರೂ ಕೇಳದೇ ಇರಬಹುದು. ಇನ್ನು ಟ್ಯಾಕ್. ಕಸ್ಟಮರ್‌ನ ನೆಟ್‌ವರ್ಕ್ ಬಿದ್ದಾಗ ಫೋನ್ ಎತ್ತುವವರು ಅವರು. ನಾಕ್‌ನಿಂದ ಬಂದವರನ್ನು ಅಲ್ಲಿ ಕೈಬೀಸಿ ಕರೆಯುತ್ತಾರೆ. ಆದರೆ ಶಿಫ್ಟ್ ಇರುತ್ತದೆ, ಅಮ್ಮನಿಗೆ ಈಗಲೇ ಹೇಳಿಬಿಡಿ.

ಬೆಂಗಳೂರಿನಲ್ಲಿ ಇಂಥ ಕಂಪನಿಗಳಿಗೆ ಬರವಿಲ್ಲ. ಔಟರ್ ರಿಂಗ್ ರೋಡಿನ ಕಾಡುಬೀಸನಹಳ್ಳಿಯಲ್ಲಿ ಸಿಸ್ಕೊದ ಕ್ಯಾಂಪಸ್ ಇದೆ. ಜೂನಿಪರ್ 2025ರ ಜುಲೈನಿಂದ ಎಚ್‌ಪಿಇ (ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್) ಕಂಪನಿಯ ಭಾಗ. ಅರಿಸ್ಟ, ನೋಕಿಯಾ ಇವೆ, ಚಿಪ್ ಮಾಡುವ ಬ್ರಾಡ್‌ಕಾಮ್ ಇದೆ. ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ಇಲ್ಲೇ ಹುಟ್ಟಿದ್ದು, ಅದರ ಸ್ಥಾಪಕರಲ್ಲಿ ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆಯವರೂ ಒಬ್ಬರು. ಎಲ್ಲ ಕಡೆ ಮಾತಾಡುವ ಪ್ರೋಟೋಕಾಲ್ ಒಂದೇ, ಪೆಟ್ಟಿಗೆಯೊಳಗಿನ ಸಂಸಾರ ಬೇರೆ ಬೇರೆ. ಜೂನಿಪರ್ ಪೆಟ್ಟಿಗೆಗಳ ಸಾಫ್ಟ್‌ವೇರ್ ಜುನೋಸ್ ಬೆಳೆದದ್ದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ. ಅರಿಸ್ಟದ ಇಓಎಸ್ ಲಿನಕ್ಸ್ ಮೇಲೆ. ಹಾಗಾಗಿ ಪ್ರೋಸೆಸ್, ಥ್ರೆಡ್, ಮೆಮೊರಿ, ಸಾಕೆಟ್ ಎಂದರೆ ನಿಮಗೆ ಹೆದರಿಕೆ ಆಗಬಾರದು. ಸಿಸಿಎನ್‌ಎ ಓದುವಾಗ ಈ ಕಡೆ ತಲೆಹಾಕಿರುವುದಿಲ್ಲ, ಅಲ್ವಾ?

ಈಗ ಇಂಟರ್‌ವ್ಯೂಗೆ ಬರೋಣ. ನಾನು ಇಪ್ಪತ್ತು ವರ್ಷ ರೂಟರ್ ಸಾಫ್ಟ್‌ವೇರ್ ಬರೆದಿದ್ದೇನೆ, ಅದರಲ್ಲಿ ಅರ್ಧ ಕಾಲ ಮೇಜಿನ ಆಚೆ ಕೂತು ಪ್ರಶ್ನೆಯನ್ನೂ ಕೇಳಿದ್ದೇನೆ. ಬಹಳ ವರ್ಷ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದೆ. “ಬ್ರಾಂಚ್ ಆಫೀಸಿನಿಂದ ಹೆಡ್ ಆಫೀಸಿನ ಸರ್ವರ್‌ಗೆ ಪಿಂಗ್ ಹೋಗುತ್ತಿದೆ. ಬ್ರೌಸರ್‌ನಲ್ಲಿ ಪೇಜ್ ತೆರೆದರೆ ಸುಮ್ನೆ ಸುತ್ತುತ್ತಲೇ ಇದೆ. ಏನು ನೋಡುತ್ತೀರಿ?” (ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೇಳಿ ಉತ್ತರಕ್ಕೆ ಕಾಯುವ ಪ್ಯಾಕೆಟ್.)

ಕೆಲವರು ‘ಫೈರ್‌ವಾಲ್’ ಎಂದು ಹೇಳಿ ಕೈಕಟ್ಟಿ ಕೂರುತ್ತಿದ್ದರು. ಕೆಲವರು ಏಳು ಲೇಯರ್‌ಗಳ ಹೆಸರನ್ನು ಮಗ್ಗಿ ಥರ ಒಪ್ಪಿಸುತ್ತಿದ್ದರು. ಮಗ್ಗಿ ಕೇಳಿ ಕೆಲಸ ಕೊಟ್ಟದ್ದು ನನಗಂತೂ ನೆನಪಿಲ್ಲ. ಇನ್ನು ಕೆಲವರು ನನ್ನನ್ನೇ ತಿರುಗಿ ಕೇಳುತ್ತಿದ್ದರು. ಪಿಂಗ್ ಮಾಡಿದ್ದು ಹೆಸರಿಗೋ, ಐಪಿ ಅಡ್ರೆಸ್‌ಗೋ? ಟಿಸಿಪಿ ಕನೆಕ್ಷನ್ ಆಗುತ್ತಿದೆಯಾ, ಆದಮೇಲೆ ನಿಲ್ಲುತ್ತಿದೆಯಾ? ಪಿಂಗ್‌ನ ಪ್ಯಾಕೆಟ್ ಎಷ್ಟು ದೊಡ್ಡದು? ಈ ಮೂರನೇ ಪ್ರಶ್ನೆ ಬಂತು ಎಂದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ.

ಯಾಕೆ ಗೊತ್ತಾ? ಲಿನಕ್ಸ್‌ನ ಪಿಂಗ್ ಸಾಮಾನ್ಯವಾಗಿ 56 ಬೈಟ್ ಡೇಟಾ ಕಳಿಸುತ್ತದೆ. ಪಿಂಗನ್ನೂ ತೊಂದರೆಯ ಸುದ್ದಿಯನ್ನೂ ಸಾಗಿಸುವ ಐಸಿಎಂಪಿ ಪ್ರೋಟೋಕಾಲ್‌ನ ಹೆಡರ್ 8, ಐಪಿಯ ಹೆಡರ್ 20 ಸೇರಿಸಿದರೆ 84 ಬೈಟ್. ಚಿಕ್ಕ ಮರಿ ಅದು, ಎಂಥ ಸಂದಿಯಲ್ಲೂ ನುಸುಳುತ್ತದೆ. ವೆಬ್ ಪೇಜ್ ಹಾಗಲ್ಲ. ಸರ್ವರ್ ತುಂಬಿಸಿ ಕಳಿಸುತ್ತದೆ, 1460 ಬೈಟ್ ಡೇಟಾ, 40 ಬೈಟ್ ಹೆಡರ್, ಒಟ್ಟು 1500. ಇಥರ್ನೆಟ್‌ನ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಅಷ್ಟೇ. ಈಗ ಮಧ್ಯದಲ್ಲಿ, ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್‌ನೊಳಗೆ ಸುತ್ತಿ ಕಳಿಸುವ ಒಂದು ಜಿಆರ್‌ಇ ಟನಲ್ ಇದೆ ಎಂದುಕೊಳ್ಳಿ. ಅದು ತನ್ನ ಪಾಲಿಗೆ 24 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1476. 1500ರ ಪ್ಯಾಕೆಟ್ ಅದರೊಳಗೆ ಹಿಡಿಸುವುದಿಲ್ಲ. ಒಡೆಯಬೇಡ ಎಂಬ ಡಿಎಫ್ ಬಿಟ್ ಬೇರೆ ಹಾಕಿರುತ್ತಾರೆ. ಆಗ ಟನಲ್ ಬಾಯಲ್ಲಿರುವ ರೂಟರ್ ಪ್ಯಾಕೆಟ್ಟನ್ನು ಬಿಸಾಕಿ, ‘ಇಷ್ಟು ದೊಡ್ಡದು ಆಗಲ್ಲ, 1476ಕ್ಕೆ ಇಳಿಸು’ ಎಂದು ಸರ್ವರ್‌ಗೆ ಒಂದು ಐಸಿಎಂಪಿ ಕಳಿಸಬೇಕು. ಕಳಿಸುತ್ತದೆ ಕೂಡ. ಆದರೆ ದಾರಿಯಲ್ಲಿ ಯಾರೋ ಪುಣ್ಯಾತ್ಮರು ಫೈರ್‌ವಾಲ್‌ನಲ್ಲಿ ಪಿಂಗ್ ಒಂದನ್ನು ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ ತಡೆದಿದ್ದಾರೆ. ಸರ್ವರ್‌ಗೆ ಸುದ್ದಿ ಮುಟ್ಟುವುದಿಲ್ಲ. ಅದು ಅದೇ ಗಾತ್ರದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ.

ಇದನ್ನು ಪರೀಕ್ಷಿಸುವುದು ಹೇಗೆ? 1472 ಬೈಟ್ ಡೇಟಾ ಇಟ್ಟು, ಡಿಎಫ್ ಬಿಟ್ ಹಾಕಿ ಪಿಂಗ್ ಮಾಡಿ. 28 ಸೇರಿ 1500 ಆಗುತ್ತದೆ. ಅದು ಹೋಗಲಿಲ್ಲ, ಚಿಕ್ಕದು ಹೋಯಿತು ಎಂದರೆ ಕಳ್ಳ ಸಿಕ್ಕಿದ. ಪರಿಹಾರ: ಆ ಐಸಿಎಂಪಿಗೆ ದಾರಿ ಬಿಡಿ, ಇಲ್ಲವೇ ರೂಟರ್‌ನಲ್ಲಿ ಟಿಸಿಪಿಯ ಎಂಎಸ್‌ಎಸ್ ಅನ್ನು, ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹಾಕುವ ಡೇಟಾದ ಮಿತಿಯನ್ನು, 1436ಕ್ಕೆ ಇಳಿಸಿ.

ಇದು ಟ್ಯಾಕ್‌ನವರ ಪ್ರಶ್ನೆ, ಡೆವಲಪರ್‌ಗೆ ಯಾಕೆ ಎನ್ನಬಹುದು. ಅಲ್ಲಿಂದ ಮುಂದಿನ ಪ್ರಶ್ನೆ ನೋಡಿ. “ಆ ಐಸಿಎಂಪಿಯನ್ನು ರೂಟರ್‌ನೊಳಗೆ ತಯಾರಿಸುವವರು ಯಾರು? ಚಿಪ್ಪೋ, ಸಿಪಿಯುವೋ?” ಸಾಮಾನ್ಯವಾಗಿ ಚಿಪ್ ಇಂಥ ತರಲೆ ಪ್ಯಾಕೆಟ್ಟನ್ನು ಸಿಪಿಯುಗೆ ತಳ್ಳುತ್ತದೆ, ಸಿಪಿಯು ಉತ್ತರ ಬರೆಯುತ್ತದೆ. “ಹಾಗಾದರೆ ಒಬ್ಬ ಪೋಕರಿ ಸೆಕೆಂಡಿಗೆ ಹತ್ತು ಲಕ್ಷ ದೊಡ್ಡ ಪ್ಯಾಕೆಟ್ ಕಳಿಸಿದರೆ?” ಸಿಪಿಯು ಮುಳುಗುತ್ತದೆ, ಬಿಜಿಪಿ ಸೆಷನ್‌ಗಳು ಬೀಳುತ್ತವೆ. ಅದಕ್ಕೇ ಮಿತಿ ಹಾಕುತ್ತಾರೆ. “ಮಿತಿ ಹಾಕಿದರೆ ನಿಜವಾದ ಸರ್ವರ್‌ಗೂ ಕೆಲವೊಮ್ಮೆ ಸುದ್ದಿ ಮುಟ್ಟಲ್ಲ, ಅಲ್ವಾ?” ಹೌದು. ಹೀಗೆ ಒಂದು ಪಿಂಗ್‌ನಿಂದ ಶುರುವಾದ ಮಾತು ನಲವತ್ತು ನಿಮಿಷಕ್ಕೆ ಕ್ಯೂ, ಬಫರ್, ರೇಟ್ ಲಿಮಿಟರ್‌ನ ಕೋಡ್‌ವರೆಗೆ ಹೋಗುತ್ತದೆ. ಪ್ಯಾಕೆಟ್ ಕೈಹಿಡಿದು ಹೆಜ್ಜೆ ಹೆಜ್ಜೆಗೂ ಜೊತೆಗೆ ನಡೆಯುತ್ತೀರಾ, ಮಧ್ಯೆ ಹಾರಿಬಿಡುತ್ತೀರಾ ಎನ್ನುವುದನ್ನೇ ನಾವು ನೋಡುವುದು.

ಈ ನಡಿಗೆಯಲ್ಲಿ ನೀವು ಕಾಲೇಜಿನಿಂದ ನೇರ ಬಂದವರಿಗಿಂತ ಮುಂದಿದ್ದೀರಿ. ಮೂರು ವರ್ಷದಲ್ಲಿ ನೂರಾರು ಟಿಕೆಟ್ ನೋಡಿದ್ದೀರಿ. ಅದರಲ್ಲಿ ನಿಮ್ಮ ತಲೆ ಕೆಡಿಸಿದ ಮೂರನ್ನು ಆರಿಸಿಕೊಳ್ಳಿ. ಏನು ಕಾಣಿಸಿತು, ಮೊದಲು ಏನೆಂದುಕೊಂಡಿರಿ, ಆ ಊಹೆ ಯಾಕೆ ತಪ್ಪಾಯಿತು, ಕೊನೆಗೆ ಏನು ಸಿಕ್ಕಿತು, ಇಷ್ಟನ್ನು ಬರೆದಿಡಿ. ವೆಂಡರ್‌ಗೆ ಕೇಸ್ ಹಾಕಿ ಕೈತೊಳೆದುಕೊಂಡ ಟಿಕೆಟ್ ಇದ್ದರೆ ಅದನ್ನು ತೆಗೆದುಕೊಳ್ಳಿ, ಅವರು ಕೊಟ್ಟ ಉತ್ತರವನ್ನು ಈಗ ಅರ್ಥ ಮಾಡಿಕೊಂಡು ಓದಿ. ನೀವು ಸೇರಹೊರಟಿರುವುದು ಆ ಉತ್ತರ ಬರೆಯುವ ಮನೆಗೆ. ಕಸ್ಟಮರ್ ಹೆಸರು, ಅವರ ಐಪಿ ಅಡ್ರೆಸ್ ಮಾತ್ರ ಬಾಯಿಬಿಡಬೇಡಿ. ಗುಟ್ಟು ಉಳಿಸಿಕೊಳ್ಳಲು ಬರುತ್ತದಾ ಎಂದು ಕೂಡ ನೋಡುತ್ತಾರೆ.

ಖಂಡಿತ ಬರುವ ಇನ್ನೊಂದು ವಿಷಯ ರೂಟ್ ಲುಕಪ್, ಅಂದರೆ ಬಂದ ಪ್ಯಾಕೆಟ್‌ಗೆ ದಾರಿ ಹುಡುಕುವುದು. ಇದನ್ನು ಪುಸ್ತಕದಿಂದ ಓದುವುದಕ್ಕಿಂತ ಒಂದು ಘಟನೆಯಿಂದ ಹಿಡಿಯಿರಿ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ಮುಚ್ಚಲು ಹೊರಟಿತು. ಯೂಟ್ಯೂಬ್ ಜಗತ್ತಿಗೆ ಸಾರುತ್ತಿದ್ದುದು 208.65.152.0/22 ಎಂಬ ದಾರಿ. ಗೆರೆಯ ಆಚಿನ 22 ಪ್ರಿಫಿಕ್ಸ್‌ನ ಉದ್ದ, ಅಂದರೆ ಅಡ್ರೆಸ್‌ನ ಮೊದಲ ಎಷ್ಟು ಬಿಟ್ ಹೊಂದಬೇಕು ಎಂಬುದು. ಪಾಕಿಸ್ತಾನದ ಕಡೆಯಿಂದ 208.65.153.0/24 ಎಂಬ ಇನ್ನೂ ಕಿರಿದಾದ ದಾರಿ ಹೊರಟಿತು, ಒಳಗೆ ಉಳಿಯಬೇಕಾದ್ದು ಹೊರಗೂ ಸೋರಿತು. ರೂಟರ್‌ಗಳಿಗೆ ಒಂದೇ ನಿಯಮ: ಹೊಂದುವ ದಾರಿಗಳಲ್ಲಿ ಪ್ರಿಫಿಕ್ಸ್ ಉದ್ದ ಇರುವುದೇ ಗೆಲ್ಲುತ್ತದೆ. ಜಗತ್ತಿನ ಯೂಟ್ಯೂಬ್ ಟ್ರಾಫಿಕ್ ಇಸ್ಲಾಮಾಬಾದ್ ದಾರಿ ಹಿಡಿಯಿತು. ಸುಮಾರು ಎರಡು ಗಂಟೆ ಗೋಳಾಟ. ಯೂಟ್ಯೂಬ್‌ನವರು ಏನು ಮಾಡಿದರು ಹೇಳಿ ನೋಡೋಣ? ತಾವೂ ಅದೇ /24 ಸಾರಿದರು, ಆಮೇಲೆ ಅದನ್ನು ಎರಡು /25 ಆಗಿ ಒಡೆದು ಸಾರಿದರು. ಉದ್ದಕ್ಕೆ ಇನ್ನೂ ಉದ್ದದ ಉತ್ತರ.

ಇದು ಗೊತ್ತಿದ್ದರೆ ಕೋಡಿಂಗ್ ಪ್ರಶ್ನೆ ತಾನಾಗಿ ಬಿಚ್ಚಿಕೊಳ್ಳುತ್ತದೆ. “ಇಂಥ ಲಕ್ಷಾಂತರ ದಾರಿಗಳನ್ನು ಯಾವ ಡೇಟಾ ಸ್ಟ್ರಕ್ಚರ್‌ನಲ್ಲಿ ಇಡುತ್ತೀರಿ?” ಹ್ಯಾಶ್ ಟೇಬಲ್ ಎಂದರೆ ಮರುಪ್ರಶ್ನೆ ಬರುತ್ತದೆ: ಬಂದ ಪ್ಯಾಕೆಟ್‌ನಲ್ಲಿ ಅಡ್ರೆಸ್ ಇದೆ, ಪ್ರಿಫಿಕ್ಸ್ ಎಷ್ಟು ಉದ್ದ ಎಂದು ಬರೆದಿಲ್ಲವಲ್ಲ, ಯಾವುದನ್ನು ಹ್ಯಾಶ್ ಮಾಡ್ತೀರಿ? ಒಂದೊಂದು ಉದ್ದಕ್ಕೆ ಒಂದೊಂದು ಟೇಬಲ್ ಇಡಬಹುದು, 33 ಸಲ ಹುಡುಕಬೇಕಾಗಬಹುದು. ಟ್ರೈ ಎಂಬ ಮರದಂಥ ರಚನೆ ಇಟ್ಟರೆ ಒಂದೊಂದೇ ಬಿಟ್ ನೋಡುತ್ತಾ ಮರದಲ್ಲಿ ಇಳಿಯುತ್ತೀರಿ, ದಾರಿಯಲ್ಲಿ ಕೊನೆಗೆ ಸಿಕ್ಕಿದ ಗುರುತನ್ನು ಕೈಯಲ್ಲಿ ಇಟ್ಟುಕೊಂಡಿರುತ್ತೀರಿ. ಈ ಟ್ರೈಯನ್ನು ಕಾಗದದ ಮೇಲೆ ನೋಡದೆ ಬರೆಯುವಷ್ಟು ಅಭ್ಯಾಸ ಮಾಡಿ. ಸೇರಿಸುವುದು, ಹುಡುಕುವುದು, ಅಳಿಸುವುದು, ಮೂರೂ. ಅಳಿಸುವುದರಲ್ಲೇ ಎಲ್ಲರೂ ಎಡವುವುದು.

ಆಮೇಲೆ ಚಿಪ್‌ನ ಮಾತು. ದೊಡ್ಡ ಪೆಟ್ಟಿಗೆಗಳಲ್ಲಿ ಟಿಕ್ಯಾಮ್ ಎಂಬ ಮೆಮೊರಿ ಇರುತ್ತದೆ. ಎಲ್ಲ ಸಾಲುಗಳನ್ನೂ ಒಂದೇ ಏಟಿಗೆ ಹೋಲಿಸಿ ಉತ್ತರ ಕೊಡುತ್ತದೆ. ದುಬಾರಿ, ಕರೆಂಟ್ ತಿನ್ನುತ್ತದೆ, ಜಾಗ ಸೀಮಿತ. ಆ ಸೀಮಿತ ಎಂಬ ಮಾತಿನ ಬೆಲೆ 2014ರ ಆಗಸ್ಟ್ 12ರಂದು ಗೊತ್ತಾಯಿತು. ಅವತ್ತು ಇಂಟರ್‌ನೆಟ್‌ನ ಐಪಿವಿ4 ದಾರಿಗಳ ಪಟ್ಟಿ 512ಕೆ ದಾಟಿತು. ಹಳೆಯ ಕೆಲವು ರೂಟರ್‌ಗಳಲ್ಲಿ ಕಂಪನಿಯಿಂದ ಬಂದಾಗಲೇ ಐಪಿವಿ4ಗೆ ಅಷ್ಟೇ ಜಾಗ ಮೀಸಲಿಟ್ಟಿದ್ದರು. ಬಸ್ ತುಂಬಿತು, ಉಳಿದವರು ಸ್ಟಾಪ್‌ನಲ್ಲೇ ನಿಂತರು. ಹಲವು ಕಡೆ ನೆಟ್‌ವರ್ಕ್ ತೆವಳಿತು. ಈಗ ಆ ಪಟ್ಟಿ 9 ಲಕ್ಷ ದಾಟಿದೆ. “ಟೇಬಲ್ ತುಂಬಿದರೆ ನಿಮ್ಮ ಕೋಡ್ ಏನು ಮಾಡುತ್ತದೆ?” ಎಂದು ಯಾರಾದರೂ ಕೇಳಿದರೆ, ಅವರ ತಲೆಯಲ್ಲಿ ಇಂಥದ್ದೊಂದು ದಿನ ಇದೆ ಎಂದು ತಿಳಿಯಿರಿ.

ಸಿ ಭಾಷೆಯ ಭಯಕ್ಕೆ ಬರುತ್ತೇನೆ. ಮೂರು ವಾರದಲ್ಲಿ ನೀವು ಪಂಡಿತೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪಾಯಿಂಟರ್, ಲಿಂಕ್ಡ್ ಲಿಸ್ಟ್, ರಿಂಗ್ ಬಫರ್, ಬಿಟ್‌ಗಳ ಜೊತೆ ಆಟ, ಸ್ಟ್ರಕ್ಚರ್ ಮೆಮೊರಿಯಲ್ಲಿ ಹೇಗೆ ಕೂರುತ್ತದೆ, ಮಧ್ಯೆ ಖಾಲಿ ಬೈಟ್ ಯಾಕೆ ಬರುತ್ತವೆ, ಇವು ಸಾಕು. ಚುಕ್ಕಿ ಹಾಕಿ ಬರೆದ ಐಪಿ ಅಡ್ರೆಸ್‌ನ ಸ್ಟ್ರಿಂಗನ್ನು 32 ಬಿಟ್ ನಂಬರ್ ಮಾಡುವ ಫಂಕ್ಷನ್ ಬರೆಯಿರಿ. 256 ಕೊಟ್ಟರೆ, ಕೊನೆಯಲ್ಲಿ ಚುಕ್ಕಿ ಬಂದರೆ ಏನಾಗುತ್ತದೆ ನೋಡಿ. ಐಪಿ ಹೆಡರ್‌ನ ಚೆಕ್‌ಸಮ್ ಬರೆಯಿರಿ. ಬೈಟ್ ಆರ್ಡರ್ ಚೆನ್ನಾಗಿ ತಿಳಿದುಕೊಳ್ಳಿ. ವೈರ್ ಮೇಲೆ ದೊಡ್ಡ ಬೈಟ್ ಮೊದಲು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚಿಕ್ಕದು ಮೊದಲು, ಮಧ್ಯೆ ತಿರುಗಿಸುವುದನ್ನು ಮರೆತರೆ ಪೋರ್ಟ್ 80 ಹೋಗಿ 20480 ಆಗುತ್ತದೆ. ಕೋಡಿಂಗ್ ಸೈಟ್‌ಗಳಲ್ಲಿ ಮುನ್ನೂರು ಲೆಕ್ಕ ಬಿಡಿಸುವ ಹುಚ್ಚಿಗೆ ಈಗ ಬೀಳಬೇಡಿ. ಮೂವತ್ತು ಬಿಡಿಸಿ, ಕೈಯಲ್ಲಿ ಬರೆದು, ಕಂಪೈಲ್ ಮಾಡಿ.

ಇಂಥ ಚಿಕ್ಕ ವಿಷಯ ಯಾಕೆ ಇಷ್ಟು ಕೇಳುತ್ತಾರೆ ಎನ್ನುವುದಕ್ಕೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಅವರೂ ಮರೆತಿರಲಿ. ಪಕ್ಕದ ರೂಟರ್ 40 ಸೆಕೆಂಡ್ ಮಾತಾಡದಿದ್ದರೆ ಅದು ಸತ್ತಿದೆ ಎಂದು ತೀರ್ಮಾನಿಸುವ ಕೋಡ್ ನನ್ನದು. ಈಗಿನ ಸಮಯಕ್ಕೆ 40,000 ಮಿಲಿಸೆಕೆಂಡ್ ಕೂಡಿಸಿ ಗಡುವು ಬರೆದಿಡುವುದು, ಸಮಯ ಗಡುವನ್ನು ಮೀರಿದರೆ ಸತ್ತಿತು ಎನ್ನುವುದು. ನೋಡಲು ಏನೂ ತಪ್ಪಿಲ್ಲ, ಅಲ್ವಾ? ಸಮಯ ಇದ್ದುದು 32 ಬಿಟ್‌ನಲ್ಲಿ. ಮಿಲಿಸೆಕೆಂಡ್ ಎಣಿಸುತ್ತಾ ಹೋದರೆ ಅದು 49 ದಿನ 17 ಗಂಟೆಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ತುಂಬುವುದಕ್ಕೆ 40 ಸೆಕೆಂಡ್ ಮೊದಲು ಗಡುವು ಸುತ್ತುಹಾಕಿ ಚಿಕ್ಕ ನಂಬರ್ ಆಗುತ್ತದೆ, ಸಮಯ ಇನ್ನೂ ದೊಡ್ಡದೇ. ಬದುಕಿರುವ ಪಕ್ಕದವರೆಲ್ಲ ‘ಸತ್ತರು’. ನಮ್ಮ ಲ್ಯಾಬ್‌ನಲ್ಲಿ ದಿನಾ ಹೊಸ ಇಮೇಜ್ ಹಾಕಿ ರೀಬೂಟ್ ಮಾಡುತ್ತಿದ್ದೆವು, ಯಾವ ಪೆಟ್ಟಿಗೆಯೂ ಎರಡು ವಾರ ಸತತ ಓಡಿರಲಿಲ್ಲ. ಕಸ್ಟಮರ್ ಮಾತ್ರ ಒಂದೇ ರಾತ್ರಿ ಎಲ್ಲ ರೂಟರ್ ಅಪ್‌ಗ್ರೇಡ್ ಮಾಡಿ, ಅವನ್ನು ಮುಟ್ಟದೆ ಬಿಟ್ಟರು. ಐವತ್ತನೇ ದಿನ ಎಲ್ಲವೂ ಒಟ್ಟಿಗೆ ಬಿದ್ದವು, ಒಂದು ನಿಮಿಷದೊಳಗೆ ಎದ್ದೂ ಕೂತವು. ಅವರು ‘ಕರೆಂಟ್ ಹೋಗಿತ್ತಾ?’ ಎಂದು ಕೇಳಿದರಂತೆ.

ಕಾರಣ ಹುಡುಕಲು ನನಗೆ ಹನ್ನೊಂದು ದಿನ ಬೇಕಾಯಿತು. ಸರಿಮಾಡಿದ್ದು ಒಂದು ಸಾಲು: ಎರಡನ್ನೂ ನೇರ ಹೋಲಿಸುವ ಬದಲು ಒಂದರಿಂದ ಇನ್ನೊಂದನ್ನು ಕಳೆದು, ಉತ್ತರದ ಚಿಹ್ನೆ ನೋಡುವುದು. ಆ ಒಂದು ಸಾಲಿಗೆ ರಿವ್ಯೂ, ಟೆಸ್ಟ್, ಹಳೆಯ ಐದು ರಿಲೀಸ್‌ಗಳಲ್ಲೂ ಅದೇ ತಿದ್ದುಪಡಿ, ಎಲ್ಲ ಸೇರಿ ಇನ್ನೆರಡು ವಾರ.

‘ಒಳಗೆ ಕೆಲಸ ಹೇಗಿರುತ್ತದೆ’ ಎಂದು ಕೇಳಿದಿರಲ್ಲ, ಹೆಚ್ಚುಕಡಿಮೆ ಹೀಗೇ. ಮೊದಲ ಆರು ತಿಂಗಳು ಹೊಸದೇನೂ ಬರೆಯುವುದಿಲ್ಲ. ನೀವು ಹೈಸ್ಕೂಲಿನಲ್ಲಿದ್ದಾಗ ಯಾರೋ ಬರೆದ ಕೋಡ್ ಓದುತ್ತೀರಿ. ಬರೆದವರು ಕಂಪನಿ ಬಿಟ್ಟು ಹೋಗಿರುತ್ತಾರೆ, ಕಾಮೆಂಟ್‌ನಲ್ಲಿ ‘ಇದನ್ನು ಮುಟ್ಟಬೇಡಿ’ ಎಂದಷ್ಟೇ ಇರುತ್ತದೆ. ಬೆಳಿಗ್ಗೆ ಬಗ್ ಪಟ್ಟಿ, ಆಮೇಲೆ ಕೋರ್ ಡಂಪ್ (ಪ್ರೋಗ್ರಾಂ ಬಿದ್ದಾಗ ಉಳಿಸಿದ ಮೆಮೊರಿಯ ಪ್ರತಿ), ಮಧ್ಯಾಹ್ನ ಲ್ಯಾಬ್. ಲ್ಯಾಬ್ ಎಂದರೆ ರ‍್ಯಾಕ್‌ಗಳ ಸಾಲು, ಫ್ಯಾನ್‌ಗಳ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ, ಮೇ ತಿಂಗಳಲ್ಲೂ ಸ್ವೆಟರ್ ಬೇಕು. ಈಗ ಬಹಳಷ್ಟು ಕೆಲಸ ಡೆಸ್ಕ್‌ನಿಂದಲೇ ಆಗುತ್ತದೆ, ಆದರೆ ಸಡಿಲ ಕೇಬಲ್ ಗಟ್ಟಿ ಮಾಡಲು ಇವತ್ತಿಗೂ ಯಾರಾದರೂ ಎದ್ದು ಹೋಗಲೇಬೇಕು. ಟೆಸ್ಟ್‌ಬೆಡ್‌ಗಾಗಿ ಜಗಳ ಮಾತ್ರ ತಪ್ಪಿದ್ದಲ್ಲ. ನೀವು ಎರಡು ದಿನ ಕೂತು ಸಿದ್ಧಪಡಿಸಿದ ಸೆಟಪ್ಪನ್ನು ಊಟಕ್ಕೆ ಹೋದಾಗ ಇನ್ನೊಬ್ಬರು ರೀಲೋಡ್ ಮಾಡಿರುತ್ತಾರೆ.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ವಾರಕ್ಕೊಂದು ಫೀಚರ್ ಜನರ ಫೋನಿಗೆ ಹೋಗಬೇಕು ಎನ್ನುವವರಿಗೆ ಇಲ್ಲಿ ಉಸಿರುಕಟ್ಟುತ್ತದೆ. ನೀವು ಬರೆದದ್ದು ಕಸ್ಟಮರ್‌ನ ನೆಟ್‌ವರ್ಕ್‌ಗೆ ಮುಟ್ಟಲು ವರ್ಷ ಹಿಡಿಯಬಹುದು. ಮುಟ್ಟಿದ ಮೇಲೆ ಹತ್ತು ವರ್ಷ ಅಲ್ಲೇ ಓಡುತ್ತದೆ. ನನಗೆ ಅದೇ ಇಷ್ಟವಾದದ್ದು.

ಮೂರು ವಾರದ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ ಎರಡು ಗಂಟೆ ಸಿ, ತಪ್ಪಿಸಬೇಡಿ. ಶಿಫ್ಟ್ ಮುಗಿಸಿ ಬಂದ ದಿನ ನಿದ್ದೆಯೇ ಮೊದಲು, ಸಿ ಆಮೇಲೆ. ಉಳಿದ ಹೊತ್ತಿಗೆ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿ. ನೇಮ್‌ಸ್ಪೇಸ್‌ಗಳನ್ನು (ಒಂದೇ ಲಿನಕ್ಸ್‌ನೊಳಗಿನ ಪ್ರತ್ಯೇಕ ನೆಟ್‌ವರ್ಕ್‌ಗಳು) ಮಾಡಿ ವರ್ಚುವಲ್ ಕೇಬಲ್‌ನಲ್ಲಿ ಜೋಡಿಸಿದರೆ ದುಡ್ಡಿಲ್ಲದೆ ಮೂರು ರೂಟರ್‌ಗಳ ಲ್ಯಾಬ್ ಸಿದ್ಧ. ಅದರ ಮೇಲೆ ಎಫ್‌ಆರ್‌ಆರ್ ಎಂಬ ಉಚಿತ ರೂಟಿಂಗ್ ಸಾಫ್ಟ್‌ವೇರ್ ಓಡಿಸಿ, ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದಿಡಿ. ಓಎಸ್‌ಪಿಎಫ್ ಹಲೋ ಹತ್ತು ಸೆಕೆಂಡಿಗೊಮ್ಮೆ ಬರುವುದನ್ನು ಕಣ್ಣಾರೆ ನೋಡಿ. ಆಮೇಲೆ ಬೇಕೆಂದೇ ಕೆಡಿಸಿ. ಒಂದು ಕಡೆ ಎಂಟಿಯು 1500, ಇನ್ನೊಂದು ಕಡೆ 1400 ಮಾಡಿದರೆ ಹಲೋ ಓಡಾಡುತ್ತದೆ, ಪಕ್ಕದವರು ಕಾಣಿಸುತ್ತಾರೆ, ಆದರೆ ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್ ಹಂತದಲ್ಲಿ ಸಿಕ್ಕಿಕೊಳ್ಳುತ್ತಾರೆ. ಯಾಕೆ ಎಂದು ಕ್ಯಾಪ್ಚರ್‌ನಲ್ಲಿ ಹುಡುಕಿ. ಎಫ್‌ಆರ್‌ಆರ್‌ನ ಕೋಡ್ ಸಿ ಭಾಷೆಯಲ್ಲೇ ಇದೆ, ಎಲ್ಲರಿಗೂ ತೆರೆದಿದೆ. ಆ ಎಂಟಿಯು ಹೋಲಿಸುವ ಸಾಲನ್ನು ಅದರಲ್ಲಿ ಪತ್ತೆಮಾಡಿ. ಇಂಟರ್‌ವ್ಯೂನಲ್ಲಿ ‘ಆ ಸಾಲು ನೋಡಿದೆ’ ಎಂದು ಹೇಳುವವರು ಬಹಳ ಕಡಿಮೆ, ನನ್ನನ್ನು ನಂಬಿ.

ಸುತ್ತುಗಳ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮೊದಲು ಫೋನಿನಲ್ಲೋ ವಿಡಿಯೋದಲ್ಲೋ ಒಂದು, ಆಮೇಲೆ ಕೋಡಿಂಗ್ ಎರಡು, ನೆಟ್‌ವರ್ಕಿಂಗ್ ಮತ್ತು ಆಪರೇಟಿಂಗ್ ಸಿಸ್ಟಂ ಒಂದು, ಮ್ಯಾನೇಜರ್ ಒಂದು. ಹಿಂದೆ ಮುಂದೆ ಆಗಬಹುದು. ರೆಸ್ಯೂಮೆಯಲ್ಲಿ ಬರೆದ ಪ್ರತಿ ಪದವೂ ಪ್ರಶ್ನೆ ಆಗುತ್ತದೆ, ಅದೊಂದು ನೆನಪಿರಲಿ. ‘ಬಿಜಿಪಿ ಎಕ್ಸ್‌ಪರ್ಟ್’ ಎಂದು ಬರೆದುಕೊಂಡು ಬಂದ ಒಬ್ಬರಿಗೆ ಅದು ಯಾವುದರ ಮೇಲೆ ಓಡುತ್ತದೆ ಎಂದು ಕೇಳಿದ್ದೆ. ಟಿಸಿಪಿ ಪೋರ್ಟ್ 179 ಎನ್ನಬೇಕಿತ್ತು. ಯುಡಿಪಿ ಎಂದರು, ಆಮೇಲೆ ಇಬ್ಬರಿಗೂ ಮುಜುಗರ. ಮಾಡಿದ್ದನ್ನು ಬರೆಯಿರಿ: ‘ಬಿಜಿಪಿ ಸೆಷನ್‌ಗಳ ತೊಂದರೆ ಪತ್ತೆ ಮಾಡಿದ್ದೇನೆ’. ಅದೇ ಧಾರಾಳ ಆಯಿತು.

ಗೊತ್ತಿಲ್ಲದ್ದು ಬಂದಾಗ ‘ಇಲ್ಲಿಯವರೆಗೆ ಗೊತ್ತು, ಇಲ್ಲಿಂದ ಮುಂದೆ ಊಹಿಸುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ, ಊಹಿಸಿ. ನಾವು ಬರೀ ಮೌನಕ್ಕೂ ಅಂಕ ಕೊಡುವುದಿಲ್ಲ, ಬುರುಡೆಗೂ ಕೊಡುವುದಿಲ್ಲ. ನಡುರಾತ್ರಿ ಕಸ್ಟಮರ್ ಜೊತೆ ಕರೆಯಲ್ಲಿದ್ದಾಗ ಬುರುಡೆ ಬಿಡುವವರು ನಮ್ಮ ಪಕ್ಕದಲ್ಲಿ ಕೂತಿರಬಾರದು, ಅಷ್ಟೇ ಕಾರಣ.

ಇಂಗ್ಲಿಷ್ ವಿಚಾರ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ನಾನೂ ತೊದಲಿದವಳೇ. ಉಪಾಯ ಸುಲಭ: ಚಿತ್ರ ಬರೆಯಿರಿ. ಎರಡು ಪೆಟ್ಟಿಗೆ, ಒಂದು ಗೆರೆ, ಅದರ ಮೇಲೆ ಪ್ಯಾಕೆಟ್. ಬೆರಳಿಟ್ಟು ತೋರಿಸುತ್ತಾ ಮಾತಾಡಿದರೆ ಚಿಕ್ಕ ಚಿಕ್ಕ ವಾಕ್ಯ ಸಾಕು. ವಿಡಿಯೋ ಇಂಟರ್‌ವ್ಯೂ ಆದರೆ ವೈಟ್‌ಬೋರ್ಡ್ ಹಂಚಿಕೊಳ್ಳಬಹುದಾ ಎಂದು ಕೇಳಿ, ಯಾರೂ ಬೇಡ ಎನ್ನುವುದಿಲ್ಲ. ಆ ಮೂರು ಟಿಕೆಟ್‌ಗಳ ಕಥೆಯನ್ನು ದಿನಾ ಒಂದು ಸಲ ಗಟ್ಟಿಯಾಗಿ ಇಂಗ್ಲಿಷ್‌ನಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬಾಯಿಪಾಠ ಮಾತ್ರ ಮಾಡಬೇಡಿ. ಮಧ್ಯದಲ್ಲಿ ಯಾರಾದರೂ ಪ್ರಶ್ನೆ ಹಾಕಿದರೆ ಬಾಯಿಪಾಠದ ಸರ ಹರಿದುಹೋಗುತ್ತದೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಆಫರ್‌ನಲ್ಲಿ ಸಂಬಳದ ಜೊತೆ ಷೇರು ತೋರಿಸಿದರೆ, ಅವು ಎಷ್ಟು ವರ್ಷಕ್ಕೆ ಹಂಚಿ ಸಿಗುತ್ತವೆ ಎಂದು ನೋಡಿ, ಒಂದು ವರ್ಷದ ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಉತ್ಪನ್ನದ ಕಂಪನಿ ಎಂದರೆ ಕೆಲಸ ಕಾಯಂ ಎಂದೂ ಅಂದುಕೊಳ್ಳಬೇಡಿ. ಸಿಸ್ಕೊದಂಥ ದೊಡ್ಡ ಕಂಪನಿಯೇ 2024ರ ಫೆಬ್ರವರಿಯಲ್ಲಿ ಸುಮಾರು 5%, ಆಗಸ್ಟ್‌ನಲ್ಲಿ ಸುಮಾರು 7% ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ನಿಮ್ಮ ನೋಟಿಸ್ ಪೀರಿಯಡ್ ಮೂರು ತಿಂಗಳಿದ್ದರೆ ಮೊದಲ ಕರೆಯಲ್ಲೇ ತಿಳಿಸಿ. ಆಫರ್ ಲೆಟರ್ ಕೈಗೆ ಬರುವ ತನಕ ರಾಜೀನಾಮೆಯ ಮಾತೇ ಬೇಡ.

ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯಾ’ ಎನ್ನುತ್ತಾರೆ. ‘ಇಲ್ಲ’ ಎನ್ನಬೇಡಿ. ನಿಮ್ಮ ಟೀಮಿನಲ್ಲಿ ಕಸ್ಟಮರ್ ಕಂಡುಹಿಡಿದ ಬಗ್ ತಿಂಗಳಿಗೆ ಎಷ್ಟು ಬರುತ್ತವೆ, ಅವನ್ನು ನೋಡುವವರು ಯಾರು ಎಂದು ಕೇಳಿ. ಅಮೆರಿಕದ ಟೀಮ್ ಜೊತೆ ಮೀಟಿಂಗ್ ಎಷ್ಟು ಹೊತ್ತಿಗೆ ಎಂದು ಕೇಳಿ. ಇದರ ಉತ್ತರದಲ್ಲೇ ಅಮ್ಮನ ಪ್ರಶ್ನೆಯ ಉತ್ತರವೂ ಇದೆ. ಡೆವಲಪ್‌ಮೆಂಟ್ ಕೆಲಸದಲ್ಲಿ ನೈಟ್ ಶಿಫ್ಟ್ ಎನ್ನುವುದು ಸಾಮಾನ್ಯವಾಗಿ ಇರುವುದಿಲ್ಲ. ವಾರಕ್ಕೆ ಎರಡು ಮೂರು ದಿನ ರಾತ್ರಿ ಒಂಬತ್ತಕ್ಕೆ ಮನೆಯಿಂದಲೇ ಕರೆ ಇರುತ್ತದೆ, ಅಲ್ಲಿ ಚಳಿಗಾಲ ಬಂದು ಗಡಿಯಾರ ಹಿಂದೆ ಇಟ್ಟರೆ ಅದು ಹತ್ತಾಗುತ್ತದೆ. ದೊಡ್ಡ ಕಸ್ಟಮರ್‌ನ ನೆಟ್‌ವರ್ಕ್ ಬಿದ್ದ ದಿನ ಮಾತ್ರ ಗಡಿಯಾರ ನೋಡುವ ಹಾಗಿಲ್ಲ. ಆ ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ಅತ್ತೆ ಫ್ಲಾಸ್ಕ್‌ನಲ್ಲಿ ಕಾಫಿ ಇಟ್ಟು ಮಲಗುತ್ತಿದ್ದರು.